ನಾನೇ ಹೊಲಿದ ಪಟ್ಟಿ

ಆ ಪಟ್ಟಿಯನ್ನು ಹೊಲಿದವಳು ನಾನೇ. ಬೇರೆಯವರ ಮೇಲೆ ಗೂಬೆ ಕೂರಿಸುವ ಮೊದಲು ಇದನ್ನು ಹೇಳಿಬಿಡುತ್ತೇನೆ.

ನಮ್ಮದು ದರ್ಜಿಗಳ ಮನೆ. ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರದಲ್ಲಿ ನಾನು, ಇನ್ನೊಂದರಲ್ಲಿ ನನ್ನ ಗಂಡ. ನಮ್ಮತ್ತೆ ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚುತ್ತಾರೆ. ನಮ್ಮೆದುರು ಒಂದು ಗುಂಡಿಗೇ ಅವರು ಹೆಣಗುವುದುಂಟು, ಆದರೆ ನಾವು ಉಂಡು ಬರುವಷ್ಟರಲ್ಲಿ ರಾಶಿಯೇ ಮುಗಿದಿರುತ್ತಿತ್ತು. ಹೇಗೆ ಎಂದು ನಾನು ಯೋಚಿಸಿದವಳಲ್ಲ.

ಆರು ವರ್ಷದ ಮಗಳು ಗುಂಡಿಯ ಡಬ್ಬಿ ಸುರುವಿಕೊಂಡು, ದೊಡ್ಡದು ರಾಜ, ಒಡೆದದ್ದು ಕಳ್ಳ ಎಂದು ದಿನವಿಡೀ ಕಥೆ ಕಟ್ಟುತ್ತಿದ್ದಳು. ಮಾತಿನಮಲ್ಲಿ ಎಂದೇ ಅವಳನ್ನು ಕರೆಯುತ್ತಿದ್ದೆವು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಆ ರಾಜನ ಹೆಸರನ್ನು ನೆಲದ ಮೇಲೆ ತನಗೆ ತೋಚಿದಂತೆ ಬರೆಯುತ್ತಿದ್ದಳು. ಬರೆಯುತ್ತಿದ್ದುದು ಎಡಗೈಯಲ್ಲಿ.

ಒಂದನೇ ತರಗತಿಗೆ ಸೇರಿಸಿದ ಎರಡನೇ ವಾರ ಟೀಚರ್ ಹೇಳಿಕಳಿಸಿದರು: ಎಡಗೈ ಕಟ್ಟಿ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಬರವಣಿಗೆ ಬರುವುದಿಲ್ಲ.

"ಕೈ ಯಾವುದಾದ್ರೇನು ಅತ್ತೆ, ಅಕ್ಷರ ಬಂದ್ರೆ ಸಾಲದಾ?" ಎಂದೆ.

"ಎಡಗೈ ವಿದ್ಯೆ ತಲೆಗೆ ಹತ್ತಲ್ಲ ಕಣೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ನಮ್ಮ ಕಾಲದಲ್ಲಿ ಹಗ್ಗದಲ್ಲೇ ಕಟ್ಟೋರು. ಯಾರೂ ಸತ್ತಿಲ್ಲ."

ನನ್ನ ಗಂಡ ಸೂಜಿಯಿಂದ ಕಣ್ಣೆತ್ತಲಿಲ್ಲ. ತಾಯಿಯ ಎದುರು ಅವರ ಬಾಯಿಗೆ ಬೀಗ. ಹಗ್ಗ ಕಟ್ಟಿದರೆ ಮಗುವಿನ ಚರ್ಮ ಕಿತ್ತುಬರುತ್ತದಲ್ಲ ಎಂದು ನಾನು ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು, ಎರಡು ಗುಂಡಿ ಇಟ್ಟು, ಎಡ ಮಣಿಕಟ್ಟನ್ನು ಸೊಂಟಕ್ಕೆ ಸಿಕ್ಕಿಸುವಂಥ ಪಟ್ಟಿ ಹೊಲಿದೆ. ಕಟ್ಟಲೇಬಾರದು ಎಂದು ಹೊಳೆಯಲಿಲ್ಲ. ನೋಯದಂತೆ ಕಟ್ಟಬೇಕು ಎಂದು ಹೊಳೆಯಿತು. ಈಗ ನೆನೆದರೆ ಮೈ ಉರಿಯುತ್ತದೆ.

ಟೀಚರ್ ಪಟ್ಟಿಯನ್ನು ಹೊಗಳಿದ್ದೇ ಹೊಗಳಿದ್ದು. ವಾರದೊಳಗೆ ಇನ್ನೂ ಮೂವರು ತಾಯಂದಿರು ಅಂಥದ್ದೇ ಬೇಕೆಂದು ಮಕ್ಕಳನ್ನು ಕರೆತಂದರು. ನಾನು ಟೇಪು ಹಿಡಿದು ಆ ಪುಟ್ಟ ಮಣಿಕಟ್ಟುಗಳ ಅಳತೆ ತೆಗೆದೆ.

ಅರ್ಧ ವರ್ಷ ಕಳೆಯಿತು. ತರಗತಿಯ ಮಕ್ಕಳು ಪದಗಳನ್ನು ಓದುತ್ತಿದ್ದರು. ಇವಳ ಬಲಗೈಯ ಅಕ್ಷರಗಳು ಮಾತ್ರ ಗೆರೆಯ ಮೇಲೆ ನಿಲ್ಲಲಿಲ್ಲ. ಓದು ಎಂದರೆ ಮೊದಲು ಪಟ್ಟಿಯನ್ನು ನೋಡುತ್ತಿದ್ದಳು, ಮೊದಲ ಅಕ್ಷರದಲ್ಲೇ ತೊದಲುತ್ತಿದ್ದಳು, ಮಕ್ಕಳು ನಗುತ್ತಿದ್ದರು. ಕೊನೆಗೆ ಮನೆಯಲ್ಲೂ ಮಾತು ನಿಂತಿತು. ಗುಂಡಿ ಡಬ್ಬಿಯ ಮುಚ್ಚಳ ತೆಗೆಯುವವರಿಲ್ಲ. ಟೀಚರ್ ಅವಳ ಪುಸ್ತಕದಲ್ಲಿ "ಮಂದಬುದ್ಧಿ" ಎಂದು ಬರೆದು ಕಳಿಸಿದರು. ಕೈ ಕಟ್ಟಿದವರು ನಾವು, ಮಂದಬುದ್ಧಿ ಅವಳಂತೆ!

ಒಂದು ಮಧ್ಯಾಹ್ನ ಅತ್ತೆ ಅವಳ ಬಲಗೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸುತ್ತಿದ್ದರು. "ಬರಿ. ಕಲ್ಲಿನ ಹಾಗೆ ಕೂತ್ರೆ ಬಂದ್ಬಿಡುತ್ತಾ?"

ಎಷ್ಟೋ ವಾರಗಳ ಮೇಲೆ ಮಗು ಬಾಯಿ ಬಿಟ್ಟಿತು. "ಅಜ್ಜಿ, ಎಲ್ಲರೂ ಊಟಕ್ಕೆ ಹೋದಾಗ ನೀನು ಎಡಗೈಲಿ ಗುಂಡಿ ಹಚ್ತೀಯ. ಆಗ ಬೇಗ ಬೇಗ ಹಚ್ತೀಯ."

ಎರಡೂ ಯಂತ್ರಗಳು ನಿಂತವು. ಅತ್ತೆ ಹೊಡೆಯಲು ಕೈ ಎತ್ತಿದರು. ಎತ್ತಿದ್ದು ಎಡಗೈ. ಅದನ್ನು ತಾವೇ ನೋಡಿ ಮೆಲ್ಲಗೆ ಕೆಳಗಿಳಿಸಿದರು.

"ಎರಡು ವರ್ಷ ಕಟ್ಟಿದ್ರು ಕಣೆ," ಎಂದು ನನಗೆ ಹೇಳಿದರು. "ಅಕ್ಷರ ಹತ್ತಲಿಲ್ಲ. ದಡ್ಡಿ ಅಂತ ಶಾಲೆ ಬಿಡಿಸಿದ್ರು. ನನ್ನ ತಲೇನೇ ಸರಿ ಇಲ್ಲ ಅಂತ ಇವತ್ತಿನವರೆಗೂ ನಂಬಿದ್ದೆ."

ಅವರ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. ಪಟ್ಟಿಯ ಗುಂಡಿ ಬಿಚ್ಚಿ, ಕತ್ತರಿ ತರಿಸಿ, ಅದನ್ನು ಚೂರು ಚೂರು ಮಾಡಿದರು. "ಉಳಿದ ಮೂರನ್ನೂ ವಾಪಸ್ ತಗೊಂಡು ಬಾ," ಎಂದರು.

ಮರುದಿನ, ಇನ್ನು ಕೈ ಕಟ್ಟುವುದಿಲ್ಲ ಎಂದು ಹೇಳಲು ಅತ್ತೆ, ಮಗಳು, ನಾನು ಮೂವರೂ ಶಾಲೆಗೆ ಹೋದೆವು. ಟೀಚರ್ ಮುಖ ಗಂಟಿಕ್ಕಿಕೊಂಡು, "ಹಾಗಾದ್ರೆ ಮಗು ಹಿಂದೆ ಬಿದ್ರೆ ಜವಾಬ್ದಾರಿ ನಮ್ಮದಲ್ಲ ಅಂತ ಬರೆದುಕೊಡಿ," ಎಂದರು. ನಾನು ಬರೆದೆ. ಸಹಿ ಹಾಕಲು ಹೋದಾಗ ಅತ್ತೆ ತಡೆದರು. "ಕಟ್ಟಬೇಡಿ ಅಂದೋಳು ನಾನು. ನಾನೇ ಹಾಕ್ತೀನಿ."

ಟೀಚರ್ ಮಸಿಯ ಡಬ್ಬಿ ಮುಂದೆ ತಳ್ಳಿದರು. "ಹೆಬ್ಬೆಟ್ಟಾ? ಎಡಗೈದು ಒತ್ತಿ ಅಜ್ಜಿ."

"ಎಡಗೈದೇ ಯಾಕಮ್ಮ?"

"ಅದೇ ಪದ್ಧತಿ."

"ಅಕ್ಷರ ಕಲಿಯೋಕೆ ಹೋದಾಗ ಈ ಕೈ ಕೆಟ್ಟದ್ದು. ಕಲಿಯದೆ ಹೆಬ್ಬೆಟ್ಟಾದ ಮೇಲೆ ಇದೇ ಕೈ ಬೇಕಾ ನಿಮಗೆ?"

ಅತ್ತೆ ಮಸಿಯ ಡಬ್ಬಿಯನ್ನು ಹಿಂದಕ್ಕೆ ತಳ್ಳಿ, ಮೊಮ್ಮಗಳ ಎಡಗೈಗೆ ಪೆನ್ನು ಕೊಟ್ಟರು. "ಅಜ್ಜಿ ಅಂತ ಬರಿ. ನಿನಗೆ ಬಂದ ಹಾಗೆ ಬರಿ."

ಮಗಳು ಮೊದಲು ತನ್ನ ಮಣಿಕಟ್ಟನ್ನು ನೋಡಿಕೊಂಡಳು. ಆಮೇಲೆ ಮೇಜಿಗೆ ಒರಗಿ, ನಾಲಿಗೆ ಕಚ್ಚಿಕೊಂಡು ಬರೆದಳು. ಬರೆದು ಮುಗಿಸಿ ಗಟ್ಟಿಯಾಗಿ ಓದಿದಳು: "ಅಜ್ಜಿ."

"ಇದು ಸಹಿ ಆಗಲ್ಲ," ಎಂದರು ಟೀಚರ್.

"ಹಾಗಾದ್ರೆ ಇವಳ ಹತ್ರ ಕಲ್ತು ಬಂದು ನಾನೇ ಹಾಕ್ತೀನಿ. ಅಲ್ಲಿವರೆಗೂ ಈ ಕೈಗೆ ಯಾರೂ ಪಟ್ಟಿ ಹಾಕೋ ಹಾಗಿಲ್ಲ."

ನಾನು ಹೊಲಿದುಕೊಟ್ಟ ಮೂರು ಪಟ್ಟಿಗಳಲ್ಲಿ ಎರಡು ವಾಪಸ್ ಬಂದಿವೆ. ಮೂರನೆಯ ತಾಯಿ ಕೊಡುತ್ತಿಲ್ಲ. ಹುಡುಗ ಈಗೀಗ ಬಲಗೈಗೆ ಒಗ್ಗುತ್ತಿದ್ದಾನೆ, ಗಲಾಟೆಯೂ ಇಲ್ಲ, ಮಾತೂ ಕಡಿಮೆಯಾಗಿದೆ ಎಂದು ಸಂತೋಷದಿಂದ ಹೇಳುತ್ತಾಳೆ. ನಾನು ದಿನಾ ಅವರ ಬಾಗಿಲು ತಟ್ಟುತ್ತಿದ್ದೇನೆ.