ಮಾಮಾ ಎಂಬ ಮಾತು

ಗೋವಾದ ಕೊರ್ತಾಲಿಮ್‌ನ ಆ ತಗಡಿನ ಖೋಲಿಯಲ್ಲಿ ಭಾನುವಾರ ಮಧ್ಯಾಹ್ನವೆಂದರೆ ಊಟ, ಆಮೇಲೆ ಪರಶುವಿನ ಮೊಬೈಲಿನಲ್ಲಿ ಒಂದು ಹಿಂದಿ ಸಿನಿಮಾ. ಆ ದಿನ ಹಾಕಿದ್ದು ನಗೆಯ ಸಿನಿಮಾ. ವಯಸ್ಸು ಮೀರುತ್ತ ಬಂದರೂ ಹೆಣ್ಣಿನ ಗಾಳಿ ಸೋಕದ ಒಬ್ಬ ಗುಮಾಸ್ತ, ಅವನಿಗೊಂದು ಹುಡುಗಿ ಗಂಟುಹಾಕಲು ಹೊರಟ ಗೆಳೆಯರು. ಅವನು ಹುಡುಗಿಯರ ಕೈಯಲ್ಲಿ ಕಪಾಳಕ್ಕೆ ತಿಂದಾಗಲೆಲ್ಲ ಖೋಲಿಯ ಜೊತೆಗಾರ ಬಾಳು ಬಿದ್ದು ಬಿದ್ದು ನಗುತ್ತಿದ್ದ. ಪರಶುವೋ, ಪ್ರತಿ ಏಟಿಗೂ ಪಕ್ಕದಲ್ಲಿದ್ದ ಭರಮಪ್ಪನ ಕುತ್ತಿಗೆಗೆ ಒಂದು ಬಿಗಿಯುತ್ತಿದ್ದ. ತಮಾಷೆಗೆ ಅಂತ. ಕುತ್ತಿಗೆ ಕೆಂಪಾಗಿದ್ದರೂ ಭರಮಪ್ಪ ನಗುತ್ತಿದ್ದ.

ಮೂವರೂ ಬಾದಾಮಿ ಕಡೆಯವರು. ಕಟ್ಟಡಗಳಲ್ಲಿ ಕಬ್ಬಿಣದ ಸಲಾಕಿ ಬಗ್ಗಿಸಿ ಕಟ್ಟುವ ಕೆಲಸ. ಉಳಿದಿಬ್ಬರು ಚಿಕ್ಕವರು, ಭರಮಪ್ಪನಿಗೆ ಮೂವತ್ತಾರು. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ಅವನದು ಹಿಂದೆ ಬಿದ್ದಿತ್ತು. ಇದರಲ್ಲಿ ನಗುವಂಥದ್ದೇನಿದೆ? ಆದರೆ ನಾಲ್ಕು ಜನ ಗಂಡಸರು ಸೇರಿದಲ್ಲಿ ಮದುವೆಯಾಗದವನೇ ಎಲ್ಲರ ಬಾಯಿಗೆ ಎಲೆಯಡಿಕೆ. ಸೈಟಿನಲ್ಲಿ ಅವನ ಹೆಸರೇ ಹೋಗಿ ‘ಕುಂವಾರಾ’, ಮದುವೆಯಾಗದವ, ಎಂಬುದಷ್ಟೇ ಉಳಿದಿತ್ತು.

ಸಿನಿಮಾದಲ್ಲಿ ಗೆಳೆಯರೇ ಗೂಂಡಾಗಳಾಗಿ ಹುಡುಗಿಯನ್ನು ಅಡ್ಡಗಟ್ಟಿದರು. ಗುಮಾಸ್ತ ಬಂದು ಹೊಡೆದಂತೆ ಮಾಡಿದ, ಅವರು ಬಿದ್ದಂತೆ ಮಾಡಿದರು, ಹುಡುಗಿ ಅವನ ಎದೆಗೊರಗಿದಳು. ಪರಶು ಮೊಬೈಲ್ ಆರಿಸಿದ.

“ಅಂಬಿಕಾಗ ಹಿಂಗ ಮಾಡೂಣು.”

ಅಂಬಿಕಾ ಇವರಿಗೆ ರೊಟ್ಟಿ ಬಡಿದು ಕೊಡುವ ಸತ್ಯವ್ವನ ಮಗಳು. ಗೋವಾದಲ್ಲೇ ಹುಟ್ಟಿ ಬೆಳೆದು, ಪಣಜಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

“ಬ್ಯಾಡೋ. ಆಕಿ ಸಣ್ಣಾಕಿ ಅದಾಳ,” ಎಂದ ಭರಮಪ್ಪ.

“ನನಗ ಅಣ್ಣಾ ಅಂತಾಳ, ಬಾಳುಗ ಅಣ್ಣಾ ಅಂತಾಳ. ನಿನಗ ಒಬ್ಬಾಂವಗ ಯಾಕ ಮಾಮಾ ಅಂತಾಳ? ನಮ್ಮ ಕಡೆ ಹುಡುಗಿ ಮಾಮಾ ಅನ್ನೂದು ಯಾರಿಗೆ ಹೇಳು. ತಾಳಿ ಕಟ್ಟಾಂವಗ.”

ಸೋದರಮಾವನಿಗೇ ಹೆಣ್ಣು ಕೊಡುವ ರೂಢಿಯ ಊರಿನವರು ಅವರು. ಅಲ್ಲಿ ಆ ಮಾತಿನಲ್ಲಿ ಸಲುಗೆಯಿದೆ, ಹಕ್ಕೂ ಇದೆ. ಅಂಬಿಕಾ ಹಾಗೆ ಕರೆದದ್ದನ್ನು ಭರಮಪ್ಪ ಎಷ್ಟೋ ಸಲ ಒಬ್ಬನೇ ನೆನೆದು ಹಿಗ್ಗಿದ್ದ. ಪಾಪ, ಪರ ಹೆಣ್ಣೊಬ್ಬಳು ಅವನೊಡನೆ ಆಡಿದ ಮೆದು ಮಾತು ಅದೊಂದೇ.

“ಆಕಿಗೆ ಪೆಟ್ಟಾಗಬಾರದು ನೋಡು.”

“ಖರೇ ಹೊಡಿತೀವೇನೋ ಹುಚ್ಚಾ? ನಾ ಸೀಟಿ ಹೊಡೀತೀನಿ, ನೀ ಬಾ.”

ಮರುದಿನ ಸಂಜೆ ಅಂಬಿಕಾ ಬಸ್ಸಿಳಿದು ಮನೆಯ ದಾರಿ ಹಿಡಿದಳು. ಅರೆಕಟ್ಟಿದ ಚಿರೆಕಲ್ಲಿನ ಗೋಡೆಯ ಪಕ್ಕ ಇಬ್ಬರು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಎದುರಾದರು. ಬಾಳು ಚೀಲ ಎಳೆದ, ಪರಶು ಕೈ ಹಿಡಿದ. ಇದು ಆಟ ಎಂದು ಅವಳಿಗೆ ಯಾರೂ ಹೇಳಿರಲಿಲ್ಲವಲ್ಲ. ಅವಳು ಸ್ಟೀಲಿನ ಊಟದ ಡಬ್ಬಿಯನ್ನು ಬೀಸಿ ಪರಶುವಿನ ಮೂಗಿಗೆ ಬಾರಿಸಿದಳು. ರಕ್ತ ಬುಳಬುಳ ಸುರಿಯಿತು. ಅದನ್ನು ಕಂಡ ಬಾಳು ಓಟ ಕಿತ್ತ.

ಹೆಣ್ಣಿನ ಕೈಯ ಹೊಡೆತ ಮೊಬೈಲಿನಲ್ಲಿ ನಗೆ ತರಿಸಿದ್ದು ನಿಜ. ತನ್ನ ಮೂಗಿಗೆ ಬಿದ್ದಾಗ ಪರಶುವಿಗೆ ನಟನೆಯೂ ಮರೆಯಿತು, ಸೀಟಿಯೂ ಮರೆಯಿತು. ಅವಳ ತೋಳು ಹಿಂದಕ್ಕೆ ತಿರುಚಿದ. ಜಡೆ ಹಿಡಿದು ಮುಖವನ್ನು ಗೋಡೆಗೆ ಅಪ್ಪಳಿಸಿದ.

“ಅವ್ವಾ,” ಎಂದು ಅಂಬಿಕಾ ಚೀರಿದಳು.

ಗೋಡೆಯ ಆಚೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ ಭರಮಪ್ಪನಿಗೆ ಅದು ಕೇಳಿಸಿತು. ಚಲೋ ಮಾಡಾಕತ್ತಾರ, ಅಂದುಕೊಂಡ. ಸೀಟಿಗೆ ಕಾಯುತ್ತ ತಲೆ ಬಾಚಿಕೊಂಡ. ಮತ್ತೊಮ್ಮೆ ಚೀರಿದ್ದು ಕೇಳಿಸಿತು, ಆಗಲೂ ಕಾದ. ಆಮೇಲೆ ಗೋಡೆಗೆ ಏನೋ ಬಡಿಯುವ ಸದ್ದು ಮಾತ್ರ ಬರತೊಡಗಿತು, ಅವಳ ದನಿ ಇಲ್ಲ. ಆಗ ಓಡಿದ.

ಕಬ್ಬಿಣ ಬಗ್ಗಿಸುವ ಕೈಗಳು. ಪರಶು ನೆಲಕ್ಕೆ ಬಿದ್ದರೂ ಅವು ನಿಲ್ಲಲಿಲ್ಲ. ಹಲ್ಲು ಮುರಿದವು, ಪಕ್ಕೆಲುಬು ಲಟಕ್ಕೆಂದಿತು. ಕೂಡಿದ ಜನ ಹಿಡಿದೆಳೆಯದಿದ್ದರೆ ಕೊಂದೇಬಿಡುತ್ತಿದ್ದ. ಅದೇ ಜನ ಅವನ ಬೆನ್ನು ತಟ್ಟಿದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಅಂಬಿಕಾ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಿದ್ದಳು. ತುಟಿ ಹರಿದಿತ್ತು, ಒಂದು ಕಣ್ಣು ಬಾತು ಮುಚ್ಚಿತ್ತು. ಎದುರಿನ ಬೆಂಚಿನಲ್ಲಿ ಪೊಲೀಸರ ಕಾವಲಿನಲ್ಲಿ ಪರಶು. ಸತ್ಯವ್ವ ಭರಮಪ್ಪನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

“ನೀ ಬರಲಿಲ್ಲಂದ್ರ ನನ್ನ ಮಗಳು ಉಳೀತಿರಲಿಲ್ಲಪ್ಪಾ. ನಿನ್ನಂಥಾ ಅಳಿಯಾ ಸಿಗಬೇಕ ನೋಡು ನಮಗ.”

ಜೀವಮಾನವಿಡೀ ಕೇಳಬೇಕೆಂದಿದ್ದ ಮಾತು. ಪರಶು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೂ ಅವನನ್ನು ನಂಬುವವರು ಯಾರು? ಭರಮಪ್ಪ ಸುಮ್ಮನಿದ್ದರೆ ಸಾಕಿತ್ತು.

ನರೆತ ಮೀಸೆಯ ಹವಾಲ್ದಾರ ಬಂದು ಅಂಬಿಕಾಳ ಎದುರು ಕುಳಿತ. “ಮಾಮಾ, ಸಾಂಗ್ತಾಂ,” ಎಂದು ಅವಳು ಕೊಂಕಣಿಯಲ್ಲಿ ಹೇಳಲು ಶುರು ಮಾಡಿದಳು. ನಡುವೆ, ತುಟಿಯ ರಕ್ತ ಒರೆಸಲು ಬಂದ ಆಸ್ಪತ್ರೆಯ ಮುದುಕ ಸಹಾಯಕನಿಗೂ ಮಾಮಾ ಎಂದಳು, ಮೆಲ್ಲಗೆ ಒರೆಸಿ ಎಂದು.

ಭರಮಪ್ಪ ತಲೆ ಎತ್ತಿದ. ಇಲ್ಲಿ ಬಸ್ಸಿನ ಕಂಡಕ್ಟರನೂ ಮಾಮಾ, ಮೀನಿನ ಗಾಡಿಯವನೂ ಮಾಮಾ. ವಯಸ್ಸಾದ ಗಂಡಸಿಗೆ ಮರ್ಯಾದೆ ಕೊಟ್ಟು ಕರೆಯುವ ಮಾತು, ಅಷ್ಟೇ. ಗೋವಾಕ್ಕೆ ಬಂದಾಗಿನಿಂದ ಕಿವಿಗೆ ಬಿದ್ದದ್ದನ್ನು ಅವನು ಕೇಳಿಸಿಕೊಂಡೇ ಇರಲಿಲ್ಲ. ನಾಚಿಕೆಯಿಂದ ಅವನ ಮೈ ಕುಗ್ಗಿತು.

ಹವಾಲ್ದಾರ ಅವನತ್ತ ತಿರುಗಿ, ಸಾಕ್ಷಿಯ ಹೆಸರೇನು ಎಂದು ಹಿಂದಿಯಲ್ಲಿ ಕೇಳಿದ.

ಭರಮಪ್ಪ ಸತ್ಯವ್ವನ ಹಿಡಿತದಿಂದ ಕೈ ಬಿಡಿಸಿಕೊಂಡ. “ಅಂಬಿಕಾ, ನಾ ಆವಾಗ ಬಂದಾಂವ ಅಲ್ಲ. ಮೊದಲಿಂದ ಗ್ವಾಡಿ ಹಿಂದ ನಿಂತಿದ್ದೆ. ನನ್ನ ಸಲುವಾಗೇ ಇದನ್ನ ಮಾಡಿದ್ರು. ನಿನ್ನ ಉಳಿಸಿದಂಗ ಮಾಡಿದ್ರ ನೀ ನನ್ನ ಮೆಚ್ಚತಿ ಅಂತ.”

ಸತ್ಯವ್ವ ಮಗಳ ಪಕ್ಕಕ್ಕೆ ಸರಿದು ನಿಂತಳು. ಅಂಬಿಕಾ ತೆರೆದಿದ್ದ ಒಂದೇ ಕಣ್ಣಿನಿಂದ ಅವನನ್ನು ನೋಡಿದಳು.

“ನಾ ಚೀರಿದ್ದು ಕೇಳಿಸಿತ್ರಿ?”

“ಕೇಳಿಸ್ತು.”

“ಆದ್ರೂ ನಿಂತ್ರಿ?”

“ನಿಂತೆ.”

ಅಂಬಿಕಾ ಹವಾಲ್ದಾರನ ಕಡೆ ತಿರುಗಿ, ಅವನು ಹೇಳಿದ್ದಷ್ಟನ್ನೂ ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ, ಕೊಂಕಣಿಯಲ್ಲಿ ಬರೆಸಿದಳು. ಭರಮಪ್ಪ ಎದ್ದು ಹೋಗಿ ಪರಶುವಿನ ಪಕ್ಕ ಕುಳಿತ.

“ಹುಚ್ಚದಿ ನೀ,” ಎಂದ ಪರಶು, ಮುರಿದ ಹಲ್ಲಿನ ಸಂದಿಯಿಂದ. “ಆಕಿ ನಿನ್ನ ಪೂರಾ ನಂಬಿದ್ದಳಲ್ಲೋ.”

“ಅದಕ್ಕ ಹೇಳಿದೆ,” ಎಂದ ಭರಮಪ್ಪ.