ನಿಂತುಹೋದ ಚುಕ್ಕಿಗಳು

ಪರದೆಯ ಮೇಲೆ ಐದು ಬಿಳಿ ಚುಕ್ಕಿಗಳು ಒಂದರ ಹಿಂದೊಂದು ಸುತ್ತತೊಡಗಿ, ಅರ್ಧ ಸುತ್ತಿಗೇ ನಿಂತುಬಿಟ್ಟವು. ಬೆಳಗಿನಿಂದ ಇದು ಏಳನೆಯ ಸಲ. ಸೊಸೆ ಗುಂಡಿಯನ್ನು ಒತ್ತಿ ಹಿಡಿದು ಲ್ಯಾಪ್‌ಟಾಪನ್ನು ಆರಿಸಿದಳು. ಕಿಟಕಿಯ ಬಳಿ ಕುಳಿತು ಪುಟ್ಟ ಏಪ್ರನ್ನುಗಳ ಅಂಚು ಹೊಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಎತ್ತುವ ಧೈರ್ಯ ಅವರಿಗಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವರಿಬ್ಬರ ಕಸೂತಿ ಅಂಗಡಿ. ಕಸೂತಿ ಹಾಕುವುದು ಯಂತ್ರ. ಏನು ಹಾಕಬೇಕೆಂದು ಯಂತ್ರಕ್ಕೆ ಹೇಳಿಕೊಡುವುದು ಪುಸ್ತಕದಷ್ಟಗಲದ ಆ ಲ್ಯಾಪ್‌ಟಾಪು. ಮೂರು ವರ್ಷ ಕೂತು ಸೊಸೆ ಬಿಡಿಸಿದ ಹೂವು, ಹಕ್ಕಿ, ಬಳ್ಳಿಗಳೆಲ್ಲ ಅದರ ಹೊಟ್ಟೆಯೊಳಗಿದ್ದವು. ಇನ್ನೊಂದು ಪ್ರತಿ ಮಾಡಿಡಬೇಕೆಂದು ಇವತ್ತು ನಾಳೆ ಎನ್ನುತ್ತಲೇ ದಿನ ದೂಡಿದ್ದಳು. ಇಂದು ನಾಲ್ಕು ಗಂಟೆಗೆ ಶಿಶುವಿಹಾರದ ಟೀಚರ್ ಬಂದು ನಲವತ್ತು ಏಪ್ರನ್ ಒಯ್ಯುವವರಿದ್ದರು. ಪ್ರತಿಯೊಂದರ ಮೇಲೂ ಒಂದು ಬಾತುಕೋಳಿ, ಅದರ ಕೆಳಗೆ ಮಗುವಿನ ಹೆಸರು. ಇಪ್ಪತ್ತೆಂಟು ಮುಗಿದಿದ್ದವು. ಹನ್ನೆರಡು ಮಕ್ಕಳಿಗೆ ಇನ್ನೂ ಬಾತುಕೋಳಿಯೂ ಇಲ್ಲ, ಹೆಸರೂ ಇಲ್ಲ.

ಸೊಸೆ ಮೊಳೆಗೆ ಫೋನ್ ಮಾಡಿದಳು. ಮೊಳೆ ಎಂದರೆ ಅವಳ ಶಾಲೆಯ ಜೊತೆಗಾರ, ಕಂಪ್ಯೂಟರ್ ರಿಪೇರಿಯವನು. ಆಗ ಸಣಕಲಾಗಿದ್ದುದರಿಂದ ಬಂದ ಹೆಸರು, ಈಗ ಹೊಟ್ಟೆ ಬಂದರೂ ಬಿಟ್ಟಿಲ್ಲ. ಏಣಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲೇ ಮಲಗಿದ್ದ. ಸೊಸೆ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಏನೇನು ಚುಚ್ಚಿದ್ದೀಯೋ ಎಲ್ಲಾ ಕಿತ್ತು ಹಾಕು. ಮೌಸು, ಚಾರ್ಜರು, ಪೆನ್‌ಡ್ರೈವು."

"ಕಿತ್ತೆ."

"ಈಗ ಗುಂಡಿ ಒತ್ತಿ ಹಿಡಿದು ಮೂವತ್ತು ಎಣಿಸು. ನಿಧಾನಕ್ಕೆ ಎಣಿಸು, ಕಣ್ಣಾಮುಚ್ಚಾಲೆಲಿ ಎಣಿಸ್ತಿದ್ದ ಹಾಗಲ್ಲ."

"ಕಾಲು ಮುರಿದ್ರೂ ನಿನ್ನ ಬಾಯಿಗೇನೂ ಆಗಿಲ್ಲ ನೋಡು."

ಅವಳು ಎಣಿಸಿದಳು. ಅತ್ತೆಯೂ ಮನಸ್ಸಿನಲ್ಲೇ ಎಣಿಸಿದರು. ಮತ್ತೆ ಗುಂಡಿ ಒತ್ತಿದಾಗ ಚುಕ್ಕಿಗಳು ಹೊರಟವು, ಅರ್ಧ ದಾರಿಯಲ್ಲಿ ನಿಂತವು.

"ಕೆಳಗೆ ಗಿಳಗೆ ಬಿತ್ತಾ? ನೀರು ಗೀರು ಸೋಕ್ತಾ?" ಮೊಳೆ ಕೇಳಿದ.

"ಇಲ್ಲಪ್ಪ, ನನ್ನ ಬಿಟ್ಟು ಅದನ್ನ ಯಾರೂ ಮುಟ್ಟಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅತ್ತೆ ತಮ್ಮ ಎರಡೂ ಕೈಗಳನ್ನು ಏಪ್ರನ್ನಿನ ಅಡಿಗೆ ಎಳೆದುಕೊಂಡರು. ನಿನ್ನೆ ಸಂಜೆ ಸೊಸೆ ದಾರ ತರಲು ಹೋಗಿದ್ದಾಗ, ದಣಿದು ಬರುವವಳ ಕಣ್ಣಿಗೆ ಮೇಜು ಚೊಕ್ಕಟವಾಗಿ ಕಾಣಲೆಂದು ಲ್ಯಾಪ್‌ಟಾಪನ್ನು ಒರೆಸಿದ್ದರು. ಒದ್ದೆ ಬಟ್ಟೆಯಿಂದ.

"ಹಂಗಾದ್ರೆ ಉಳಿದಿರೋದು ಒಂದೇ ದಾರಿ," ಮೊಳೆಯ ದನಿ ಮೆತ್ತಗಾಯಿತು. "ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು. ಒಳಗಿರೋದು ಯಾವುದೂ ಉಳಿಯಲ್ಲ. ನಾನೇ ಬಂದು ಬಿಚ್ಚಿ ನೋಡೋ ಹಾಗಿದ್ರೆ ಬೇರೆ ಮಾತು. ಎರಡು ವಾರ ತಡೀತೀಯಾ?"

"ನಾಲ್ಕು ಗಂಟೆಗೆ ಟೀಚರ್ ಬರ್ತಾರೆ ಕಣೋ."

"ಯೋಚಿಸು. ಹತ್ತು ನಿಮಿಷ ಬಿಟ್ಟು ನಾನೇ ಫೋನ್ ಮಾಡ್ತೀನಿ."

ಮೊಳೆ ಫೋನ್ ಇಟ್ಟ. ಸೊಸೆ ತನಗೆ ತಾನೇ ಹೇಳಿಕೊಳ್ಳುವಂತೆ, "ಅಳಿಸಿಬಿಡೋಣ. ಬಾತುಕೋಳಿನ ಒಂದು ಗಂಟೇಲಿ ಮತ್ತೆ ಬಿಡಿಸ್ತೀನಿ. ಉಳಿದದ್ದು... ಹೋದ್ರೆ ಹೋಗ್ಲಿ," ಎಂದಳು.

ಅತ್ತೆ ಎದ್ದ ರಭಸಕ್ಕೆ ತೊಡೆಯ ಮೇಲಿದ್ದ ಏಪ್ರನ್ನುಗಳೆಲ್ಲ ನೆಲಕ್ಕೆ ಬಿದ್ದವು.

"ತಡಿಯೇ! ಅಳಿಸ್ಬೇಡ. ಹಾಳು ಮಾಡಿದ್ದು ನಾನು."

"ಏನತ್ತೆ?"

"ನಿನ್ನೆ ಒದ್ದೆ ಬಟ್ಟೇಲಿ ಒರೆಸ್ದೆ. ಹಿಂಡಿದ್ದೆ, ಗಟ್ಟಿಯಾಗೇ ಹಿಂಡಿದ್ದೆ. ಬೆಳಗ್ಗೆಯಿಂದ ಹೇಳ್ಬೇಕು ಹೇಳ್ಬೇಕು ಅಂತಿದ್ದೆ, ಬಾಯೇ ಬರ್ಲಿಲ್ಲ. ನೀರು ಒಳಗೆ ಹೋಗ್ಬಾರ್ದು ಅಂತ ಆ ಸೀಳಿಗೆ ಮುಚ್ಚಳನೂ ಹಾಕಿದ್ದೆ ಕಣೇ."

"ಯಾವ ಮುಚ್ಚಳ?"

ಅತ್ತೆ ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ಸಣ್ಣ ಸೀಳನ್ನು ತೋರಿಸಿದರು. ಸೊಸೆ ಅದನ್ನು ಎಂದೂ ಬಳಸಿದವಳಲ್ಲ. ಬಟ್ಟೆಯ ಎಳೆ, ದಾರದ ಧೂಳು ಅದರೊಳಗೆ ನುಗ್ಗುವುದನ್ನು ನೋಡಿ ನೋಡಿ ಅತ್ತೆಗೆ ಸಂಕಟ. ಗುಂಡಿಗಳ ಡಬ್ಬಿಯಲ್ಲಿ ಉಗುರಗಲದ ಕಪ್ಪು ಚೂರೊಂದು ಸಿಕ್ಕಿತ್ತು. ಸಿಕ್ಕಿಸಿ ನೋಡಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು! ಅದು ಹಳೆಯ ಕಸೂತಿ ಯಂತ್ರದ ಜೊತೆಗೇ ಕೆಟ್ಟುಹೋಗಿದ್ದ ಮೆಮೊರಿ ಕಾರ್ಡು.

ಸೊಸೆ ಉಗುರಿನಿಂದ ಒತ್ತಿದಳು. ಟಕ್ಕೆಂದು ಕಾರ್ಡು ಹೊರಬಂತು. ಅವಳು ಗುಂಡಿ ಒತ್ತಿದಳು. ಚುಕ್ಕಿಗಳು ಹೊರಟವು. ಅರ್ಧ ಸುತ್ತು, ಒಂದು ಸುತ್ತು, ಎರಡು. ಅತ್ತೆ ಸೊಸೆಯ ಸೆರಗು ಹಿಡಿದಿದ್ದರು. ಪರದೆ ಬೆಳಗಿತು, ಹಳದಿ ಬಾತುಕೋಳಿ, ಅದರ ಹಿಂದೆ ಮೂರು ವರ್ಷದ ಹೂವು ಹಕ್ಕಿಗಳ ಸಾಲು.

ಅಷ್ಟರಲ್ಲಿ ಫೋನ್ ಬಂತು.

"ಏನು ತೀರ್ಮಾನ ಮಾಡ್ದೆ?"

"ಸರಿಹೋಯ್ತು ಕಣೋ. ಪಕ್ಕದಲ್ಲಿ ಕೆಟ್ಟ ಕಾರ್ಡೊಂದು ಸಿಕ್ಕಿಸಿಟ್ಟು ಮರೆತಿದ್ದೆ. ನಂದೇ ಪೆದ್ದತನ."

ಅತ್ತೆ ಸೊಸೆಯ ಮುಖ ನೋಡಿದರು. ಅವಳು ನೋಡದವಳಂತೆ ದಾರದ ಉಂಡೆ ಸರಿಸುತ್ತಿದ್ದಳು.

"ಅಯ್ಯೋ ಜಾಣೆ! ಎದ್ದ ಕೂಡ್ಲೆ ಲ್ಯಾಪ್‌ಟಾಪು ತನಗೆ ಏನೇನು ಸಿಕ್ಕಿಸಿದ್ದಾರೆ ಅಂತ ಒಂದೊಂದನ್ನೂ ಮಾತಾಡಿಸಿ ನೋಡುತ್ತೆ. ಕೆಟ್ಟ ಕಾರ್ಡು ಹ್ಞೂಂ ಅನ್ನಲ್ಲ, ಉಹ್ಞೂಂ ಅನ್ನಲ್ಲ. ಪಾಪದ್ದು, ಲ್ಯಾಪ್‌ಟಾಪು ಅದರ ಉತ್ತರಕ್ಕೆ ಕಾಯ್ತಾ ಕೂತಿದೆ. ಇದನ್ನ ಊರಿಗೆಲ್ಲ ಹೇಳ್ಕೊಂಡು ಹತ್ತು ವರ್ಷ ನಗ್ತೀನಿ ನೋಡ್ತಿರು."

"ನಗು, ನಗು."

ಅತ್ತೆಗೆ ತಡೆಯಲಾಗಲಿಲ್ಲ. ಫೋನನ್ನು ಎತ್ತಿ ಬಾಯಿಗೇ ಹಿಡಿದರು. "ಏ ಮೊಳೆ, ಇವಳು ಸುಳ್ಳು ಹೇಳ್ತಿದ್ದಾಳೆ. ಸಿಕ್ಕಿಸಿದ್ದು ನಾನು. ನಗೋದಿದ್ರೆ ನನ್ನ ಹೆಸರು ಹೇಳಿ ನಗು."

"ಅಮ್ಮಾ, ನೀವಾ? ನಿಮ್ಮನ್ನ ನೋಡಿ ನಕ್ಕರೆ ಇನ್ನೊಂದು ಕಾಲೂ ಉಳಿಯಲ್ಲ ಬಿಡಿ!"

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನೆಲದ ಮೇಲೆ ಬಿದ್ದಿದ್ದ ಏಪ್ರನ್ನುಗಳನ್ನು ಇಬ್ಬರೂ ಕೂಡಿ ಆರಿಸಿದರು. ಇಪ್ಪತ್ತೊಂಬತ್ತನೆಯದು ಯಂತ್ರಕ್ಕೇರಿತು. ಸೊಸೆ ಲ್ಯಾಪ್‌ಟಾಪಿಗೆ ಹೊಸ ಪೆನ್‌ಡ್ರೈವ್ ಚುಚ್ಚಿ, ಕುರ್ಚಿಯನ್ನು ಅತ್ತೆಯ ಕಡೆ ಎಳೆದಳು.

"ಚಿತ್ರಗಳ ಇನ್ನೊಂದು ಪ್ರತಿ ಆಗ್ತಿದೆ. ಈ ಹಸಿರು ಗೆರೆ ಪೂರ್ತಿ ಆಗೋತನಕ ನೀವು ನೋಡ್ಕೊಳ್ಳಿ, ನಾನು ಆ ಕಡೆ ಸೂಜಿ ನೋಡ್ತೀನಿ."

ಅತ್ತೆ ಕುರ್ಚಿಯ ತುದಿಯಲ್ಲಿ ಕುಳಿತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಮುಟ್ಟಿದ್ರೂ ಏನೂ ಆಗಲ್ಲತ್ತೆ," ಎಂದಳು ಸೊಸೆ, ತಿರುಗದೆಯೇ.