ಹಿರಿಯ ಮೇಷ್ಟ್ರು ಆನ್‌ಲೈನ್ ಆದದ್ದು

"ಏನಮ್ಮಾ, ಈ ಕೆಂಪು ಗುಂಡಿ ಒತ್ತಿದ್ರೆ ನಾನು ಬರ್ತೀನೋ, ಹೋಗ್ತೀನೋ?" ಎಂದು ಹಿರಿಯ ಮೇಷ್ಟ್ರು ಕ್ಯಾಮೆರಾದ ಮುಂದೆ ಕೂತು ಕೇಳಿದರು.

"ಬರ್ತೀರಿ ಸಾರ್. ಮಾತಾಡಿ," ಎಂದಳು ಕಿರಿಯ ಉಪನ್ಯಾಸಕಿ.

ಕೆಲವೇ ತಿಂಗಳ ಹಿಂದೆ ಇದೇ ಮನುಷ್ಯ ಸ್ಟಾಫ್ ರೂಮಿನಲ್ಲಿ ಮೇಜು ಗುದ್ದಿ, "ಪಾಠ ಅಂದ್ರೆ ಮಕ್ಕಳ ಕಣ್ಣಲ್ಲಿ ಕಣ್ಣಿಟ್ಟು ಮಾಡೋದು ಕಣ್ರೀ! ಡಬ್ಬಿ ಮುಂದೆ ಕೂತು ಬಡಬಡಿಸೋದಲ್ಲ," ಎಂದು ಅಬ್ಬರಿಸಿದ್ದರು. ಉಳಿದ ಪ್ರಾಧ್ಯಾಪಕರು ಹೌದೌದೆಂದು ತಲೆಯಾಡಿಸಿದ್ದರು. ಇಷ್ಟು ವರ್ಷ ನೋಟ್ಸಿನ ಹಾಳೆಯಿಂದ ತಲೆಯನ್ನೇ ಎತ್ತದ ಈ ಮಹಾನುಭಾವರಿಗೆ ಮಕ್ಕಳಿಗೆ ಕಣ್ಣಿದೆಯೆಂದು ಯಾವಾಗ ತಿಳಿಯಿತೋ, ದೇವರೇ ಬಲ್ಲ.

ಆಮೇಲೆ ಸುತ್ತೋಲೆ ಬಂತು: ವರ್ಷದ ಪಾಠವನ್ನೆಲ್ಲ ವಿಡಿಯೊ ಮಾಡಿ ಏರಿಸಿದವರಿಗೆ ತರಗತಿ ಕಡಿಮೆ. ಒಂದೇ ವಾರದಲ್ಲಿ ಇಡೀ ವಿಭಾಗಕ್ಕೆ ಜ್ಞಾನೋದಯವಾಯಿತು. ಹಿರಿಯ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಆಸೆ. ಬೇಸಿಗೆಗೆ ನಿವೃತ್ತಿ, ಇನ್ನೆರಡು ವರ್ಷ ಮುಂದುವರಿಸಿ ಎಂದು ಅರ್ಜಿ ಹಾಕಿದ್ದರು; ವಿಡಿಯೊ ಮಾಡಿಕೊಟ್ಟರೆ ಅದು ಮಂಜೂರಾದೀತು ಎಂಬ ಲೆಕ್ಕ. ಮನೆಯಲ್ಲಿ ಕೂರುವುದು ಅವರಿಗೆ ಸುತರಾಂ ಬೇಡವಾಗಿತ್ತು. ಅಲ್ಲಿ ಅವರು ಹೇಳಿದ್ದನ್ನು ಬರೆದುಕೊಳ್ಳುವವರು ಯಾರೂ ಇರಲಿಲ್ಲ.

ಕ್ಯಾಮೆರಾದ ಮುಂದೆಯೂ ಅವರು ನೋಟ್ಸನ್ನೇ ಓದಿದರು. "ಬರ್ಕೊಳ್ಳಿ... ಪೂರ್ಣವಿರಾಮ... ಆಯ್ತಾ?" ಎಂದು ನಿಲ್ಲಿಸಿ, ಖಾಲಿ ಕೋಣೆಯಲ್ಲಿ ಯಾರೋ ಬರೆದು ಮುಗಿಸಲಿ ಎಂದು ಕಾದರು. ಕಿರಿಯವಳು ತುಟಿ ಕಚ್ಚಿಕೊಂಡಳು. ಅಂತೂ ಒಂದಕ್ಷರ ಬಿಡದೆ ಎಲ್ಲವನ್ನೂ ಏರಿಸಿಯಾಯಿತು.

ವಿಭಾಗದ ಮುಖ್ಯಸ್ಥರು ಅವರದೇ ಹಳೆಯ ಶಿಷ್ಯ. ಎದ್ದು ನಿಂತು ಕೈಕುಲುಕಿದರು.

"ಅದ್ಭುತ ಸಾರ್! ನಿಮ್ಮ ಪಾಠ ಶಾಶ್ವತವಾಗಿ ಉಳೀತು."

"ನನ್ನ ಅರ್ಜಿ ಏನಾಯ್ತಪ್ಪಾ?"

"ಎಲ್ಲಾ ವಿಡಿಯೊದಲ್ಲೇ ಇದೆಯಲ್ಲ ಸಾರ್. ಇನ್ನು ನೀವ್ಯಾಕೆ ಸುಮ್ನೆ ತೊಂದ್ರೆ ತಗೋಬೇಕು? ಹಾಯಾಗಿರಿ."

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಹಾಗಾದ್ರೆ ಅದನ್ನ ತೆಗೆಸ್ಬಿಡು."

"ಅದು ಈಗ ವಿಶ್ವವಿದ್ಯಾಲಯದ್ದು ಸಾರ್," ಎಂದು ಶಿಷ್ಯೋತ್ತಮರು ಹಲ್ಲುಕಿರಿದರು.

ಮೇಷ್ಟ್ರು ದುರ್ದಾನ ತೆಗೆದುಕೊಂಡವರಂತೆ ಎದ್ದು ನೇರವಾಗಿ ತರಗತಿಗೆ ನಡೆದರು. ಪರೀಕ್ಷೆ ಹತ್ತಿರವಾಗಿತ್ತು; ವಿದ್ಯಾರ್ಥಿಗಳು ತಾವೇ ಪ್ರೊಜೆಕ್ಟರಿನಲ್ಲಿ ಮೇಷ್ಟ್ರ ವಿಡಿಯೊ ಹಾಕಿಕೊಂಡು ಕೂತಿದ್ದರು. ಪರದೆಯ ಮೇಲೆ ಅವರೇ ಎರಡು ಪಟ್ಟು ವೇಗದಲ್ಲಿ, ಕೀರಲು ದನಿಯಲ್ಲಿ ಓದುತ್ತಿದ್ದರು. ಮೇಷ್ಟ್ರು ವೇದಿಕೆ ಹತ್ತಿ, ಗಂಟಲು ಸರಿಮಾಡಿಕೊಂಡು, "ನೋಡಿ ಮಕ್ಕಳೇ, ನಾನೇ ಬಂದಿದೀನಿ..." ಎಂದು ಶುರುಮಾಡಿದರು.

"ಸಾರ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಕಾಣ್ತಿಲ್ಲ," ಎಂದಳು ಮುಂದಿನ ಬೆಂಚಿನ ಹುಡುಗಿ, ತುಂಬ ವಿನಯದಿಂದ.

ಅವರ ಬಿಳಿ ಅಂಗಿಯ ಮೇಲೆ ಅವರದೇ ಅರ್ಧ ಮುಖ ಬಿದ್ದು ತುಟಿ ಅಲ್ಲಾಡಿಸುತ್ತಿತ್ತು. ಮೇಷ್ಟ್ರು ಪಕ್ಕಕ್ಕೆ ಸರಿದರು.